ಎರಡನೆಯ ಗುಟುಕು

ದಾಸೋಹದ ಮನೆಯಲ್ಲಿ ಎಲೆ ಒರೆಸುತ್ತಿದ್ದ ಶಿಷ್ಯನೊಬ್ಬ ಕೇಳಿದ: "ಅಪ್ಪನವರೇ, ಇರುವುದೇ ಸ್ವಲ್ಪವಾದಾಗ ಕೆಲವರಿಗೆ ಪೂರ್ತಿ ಕೊಡುವುದು ಧರ್ಮವೋ, ಎಲ್ಲರಿಗೂ ಒಂದಿಷ್ಟು ಕೊಡುವುದು ಧರ್ಮವೋ?"

ಗುರುಗಳು ಹೇಳಿದರು:

ಹೊಳೆಯ ದಡದ ಊರೊಂದರಲ್ಲಿ ಒಬ್ಬ ಅಂಬಿಗನಿದ್ದ. ಹರಿಗೋಲು ಇದ್ದದ್ದು ಅವನೊಬ್ಬನದೇ. ಹಿಂದೊಮ್ಮೆ ಕಾಲರಾ ಬೇನೆಗೆ ಹಿರಿಯ ಮಗನನ್ನು ಕಳೆದುಕೊಂಡಿದ್ದ. ಉಳಿದವಳು ಒಬ್ಬಳೇ ಮಗಳು. ಮಠದ ಪಂಕ್ತಿಯಲ್ಲಿ ಅನ್ನ ಬಡಿಸುವುದು ಅವನು ತಪ್ಪದೆ ಮಾಡುವ ಸೇವೆ.

ಮತ್ತೆ ಬೇನೆಯ ಸುದ್ದಿ ಬಂತು. ಒಬ್ಬ ನರ್ಸಮ್ಮ ಪೆಟ್ಟಿಗೆಯಲ್ಲಿ ಲಸಿಕೆ ತಂದಳು. ಚುಚ್ಚುವುದಲ್ಲ, ಕುಡಿಸುವುದು. ಊರಿಗೆಲ್ಲ ಒಂದೊಂದು ಗುಟುಕು ಹಾಕಿದಳು. ಎರಡು ವಾರ ಬಿಟ್ಟು ಇನ್ನೊಂದು ಹಾಕುತ್ತೇನೆ ಎಂದು ಹೇಳಿ ಹೋದಳು. ಎರಡು ವಾರ ಕಳೆದು ಅವಳು ಮತ್ತೆ ಬಂದ ದಿನ ಅಂಬಿಗ ಮಗಳ ತಲೆ ಬಾಚಿ, ಎಲ್ಲರಿಗಿಂತ ಮೊದಲು ಕರೆತಂದ.

ನರ್ಸಮ್ಮ ಪೆಟ್ಟಿಗೆ ತೆರೆಯಲಿಲ್ಲ. "ಅಣ್ಣಾ, ಹೊಳೆಯಾಚೆ ಇಟ್ಟಿಗೆ ಭಟ್ಟಿಯವರಲ್ಲಿ ಬೇನೆ ಕಾಣಿಸಿದೆ. ಅವರಿಗೆ ಒಂದು ಗುಟುಕೂ ಬಿದ್ದಿಲ್ಲ. ಇರುವುದು ಇಷ್ಟೇ. ಹರಿಗೋಲು ಬಿಡಿ."

"ನನ್ನ ಮಗಳದ್ದು ಒಯ್ದು ಅವರಿಗೆ ಹಾಕ್ತೀಯೇನವ್ವಾ? ಅದೂ ನನ್ನ ಕೈಯಿಂದಲೇ ದಾಟಿಸಿ?"

"ಒಂದು ಗುಟುಕೂ ಸದ್ಯಕ್ಕೆ ಕಾಯುತ್ತದೆ, ಅಣ್ಣಾ. ಎರಡು ಬಿದ್ದರೆ ಹೆಚ್ಚು ಕಾಲ ಕಾಯುತ್ತದೆ. ಪೂರ್ತಿ ಭರವಸೆ ನಾನು ಕೊಡಲಾರೆ. ನೀರು ಕಾಯಿಸಿಯೇ ಕೊಡಿ. ಪೆಟ್ಟಿಗೆ ಮತ್ತೆ ಬಂದಾಗ ಇವಳಿಗೆ ಎರಡನೆಯದು ಹಾಕುತ್ತೇನೆ."

ಅಂಬಿಗ ಆಚೆ ನೋಡಿದ. ಅಲ್ಲಿ ತಾಯಂದಿರು ಮಕ್ಕಳನ್ನು ಸೊಂಟಕ್ಕೇರಿಸಿ ನಿಂತಿದ್ದರು.

"ಕೊನೆಯ ಎಲೆಗೆ ಅನ್ನ ಬೀಳುವ ಮುಂಚೆ ನಾನು ಎಂದೂ ಎರಡನೆಯ ಸುತ್ತು ಹೊರಟವನಲ್ಲ," ಎಂದ. "ಆದರೆ ಇವತ್ತು ಕೈ ಏಳವಲ್ಲದು, ತಂಗೀ."

ನರ್ಸಮ್ಮ ಅವಸರ ಮಾಡಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹರಿಗೋಲಿನಲ್ಲಿ ಕುಳಿತಳು.

"ಅಪ್ಪಾ, ಹಂಗಾದ್ರೆ ಇವತ್ತು ಆ ಕೆಟ್ಟ ರುಚಿ ಕುಡಿಯೋದು ಬ್ಯಾಡೇನು?" ಎಂದು ಮಗಳು ಹಿಗ್ಗಿದಳು.

ಅಂಬಿಗ ಅವಳ ತಲೆ ಸವರಿದ. "ಮನೀಗೆ ಹೋಗವ್ವಾ. ಕಾಸಿದ ನೀರೇ ಕುಡಿ," ಎಂದ. ಹುಟ್ಟು ಹಿಡಿದ. ಆಚೆ ದಡ ಮುಟ್ಟುವವರೆಗೂ ತಿರುಗಿ ನೋಡಲಿಲ್ಲ.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯನ ಕೈಯಲ್ಲಿನ ಎಲೆ ಹಾಗೆಯೇ ಇತ್ತು. ಅವನಿಗೆ ತಡೆಯಲಾಗಲಿಲ್ಲ.

"ಆಮೇಲೆ ಆ ಮಗು ಉಳಿಯಿತೇ, ಅಪ್ಪನವರೇ?"

ಗುರುಗಳು ಕೇಳಿದರು: "ಯಾವ ದಡದ ಮಗು?"