ಕರಿಬೆನ್ನಮ್ಮನ ಬಂಡೆ

ಇವತ್ತೂ ಅಡ್ಡ ಬಾಯಿ ಹಾಕಿದರು. “ಹಿಂದೆ ಒಮ್ಮೆ” ಎಂದು ನಾನು ಶುರು ಮಾಡಿದ್ದೇ ತಡ, ಮುಂದಿನ ಸಾಲಿನಲ್ಲಿ ಕೂತಿದ್ದ ಟೋಪಿಯ ಯಜಮಾನರು ಎದ್ದುನಿಂತು, “ಅದೆಲ್ಲ ಅಲೆಯ ಕೊರೆತಮ್ಮ, ಕಲ್ಲಿನ ಗುಣ” ಎಂದು ದೋಣಿಯಲ್ಲಿದ್ದವರಿಗೆಲ್ಲ ಪಾಠ ಹೇಳತೊಡಗಿದರು. ಅವರ ಪಾಠ ಮುಗಿಯುವಷ್ಟರಲ್ಲಿ ಬಂಡೆ ಹಿಂದೆ ಸರಿದಿತ್ತು, ಒಬ್ಬರಿಗೆ ತಲೆ ಸುತ್ತು ಬಂದಿತ್ತು, ನನ್ನ ಮಗಳಿಗೆ ಚಕ್ಕುಲಿ ಬೇಕಾಗಿತ್ತು. ಮುತ್ತಳಿವೆ ಬಂದರು ನಗರವನ್ನು ದೋಣಿಯಲ್ಲಿ ಸುತ್ತಿಸಿ ತೋರಿಸುವುದು ನನ್ನ ಕೆಲಸ. ದೋಣಿ ನಡೆಸುವವನು ನನ್ನ ಗಂಡ, ಬಾಯಿ ನಡೆಸುವವಳು ನಾನು. ನಮ್ಮ ಸುತ್ತು ಚಿಕ್ಕದು, ಈ ಬಂಡೆಯ ಕಥೆ ದೊಡ್ಡದು. ಹತ್ತನೆಯ ತರಗತಿ ಓದಿದವಳು ಹೇಳುವ ಕಥೆಯನ್ನು ನಡುವೆ ತುಂಡರಿಸಬಹುದು ಎಂದು ಬಂದವರಿಗೆಲ್ಲ ಯಾರೋ ಹೇಳಿ ಕಳಿಸಿದ ಹಾಗಿದೆ. ಕಾಗದದ ಮೇಲಾದರೆ ಯಾರೂ ಎದ್ದು ನಿಲ್ಲಲಾರರು. ಅದಕ್ಕೇ ನನ್ನ ಅತ್ತೆ ನನಗೆ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ದೋಣಿ ಕಟ್ಟುವ ಹಳೆಯ ಧಕ್ಕೆಯಿಂದ ಹೊರಟರೆ ಎಡಕ್ಕೆ ಮೊದಲು ಕಾಣುವುದು ಮಲ್ಲರಸನ ಬಾಗಿಲು. ಕಲ್ಲಿನ ಕಮಾನು, ಎರಡು ಸಿಂಹ, ಮಲ್ಲರಸನ ಹೆಸರು ಕೆತ್ತಿದ ಶಾಸನ. ಎಲ್ಲರೂ ಅದರ ಫೋಟೊ ತೆಗೆಯುತ್ತಾರೆ. ಆಮೇಲೆ ಮೆಣಸಿನ ಉಗ್ರಾಣ, ಮಂಜುಗಡ್ಡೆಯ ಕಾರ್ಖಾನೆ, ಮೀನು ಹರಾಜಿನ ಕಟ್ಟೆ. ಅಳಿವೆಯ ಬಾಯಿಗೆ, ಎಂದರೆ ಹೊಳೆ ಕಡಲಿಗೆ ಸೇರುವಲ್ಲಿಗೆ ಬಂದಾಗ ನೀರಿನ ನಡುವೆ ಕೂತ ಹೆಂಗಸಿನಂಥ ಒಂದು ಬಂಡೆ ಎದುರಾಗುತ್ತದೆ. ಊರ ಕಡೆಯಿಂದ ನೋಡಿದರೆ ಅದು ಕೆಂಪು, ಈಗತಾನೆ ಕಡಿದ ಮುರಕಲ್ಲಿನಷ್ಟು ಕೆಂಪು. ದೋಣಿ ಬಂಡೆಯನ್ನು ಬಳಸಿ ಆಚೆಗೆ ಹೋದ ಮೇಲೆ ತಿರುಗಿ ನೋಡಿದರೆ ಅದೇ ಬಂಡೆ ಕಪ್ಪು, ಮೇಲಿನಿಂದ ಕೆಳಗಿನವರೆಗೆ ಕಂಬಳಿ ಹೊದೆಸಿದಷ್ಟು ಕಪ್ಪು. ಇದಕ್ಕೆ ಕರಿಬೆನ್ನಮ್ಮನ ಬಂಡೆ ಎಂದು ಹೆಸರು. ಅಲ್ಲಿ ಶಾಸನವಿಲ್ಲ, ಸಿಂಹವಿಲ್ಲ, ಒಂದು ಕುಂಕುಮದ ಬೊಟ್ಟೂ ಇಲ್ಲ. ಹೆಸರು ಮಾತ್ರ ಅಳಿದಿಲ್ಲ.

ಮುತ್ತಳಿವೆಯಲ್ಲಿ ಕುದುರೆ ಮತ್ತು ಮೆಣಸಿನ ವ್ಯಾಪಾರ ಜೋರಾಗಿದ್ದ ಕಾಲ ಅದು. ಅಳಿವೆಯ ಮರಳು ಒಂದು ಕಡೆ ಕೂರುವುದಲ್ಲ. ನಿನ್ನೆ ದಾರಿಯಿದ್ದಲ್ಲಿ ಇವತ್ತು ದಿಬ್ಬ ಎದ್ದಿರುತ್ತದೆ, ಅದರ ಮೇಲೆ ಅಲೆ ಒಡೆಯುತ್ತಿದ್ದರೆ ಎಂಥ ಹಡಗೂ ಉಳಿಯದು. ಹಾಗಾಗಿ ಹೊರಗಿನಿಂದ ಬರುವ ಹಡಗಿಗೆ ಸನ್ನೆ ಮಾಡಲು ಬಂಡೆಯ ಮೇಲೆ ಒಬ್ಬ ಹೆಂಗಸು ನಿಲ್ಲುವ ಪದ್ಧತಿಯಿತ್ತು. ಹಡಗುಗಳನ್ನು ಒಳಗೆ ನಡೆಸಿ ತರುವ ಮನೆತನದ ಸೊಸೆಗೆ ಮಾತ್ರ ಆ ಹಕ್ಕು. ಅವಳು ಎದೆಗೆ ಕೆಂಪು ಬಟ್ಟೆ ಕಟ್ಟಿ, ಬೆನ್ನಿಗೆ ಕರಿ ಕಂಬಳಿ ಹೊದ್ದು ನಿಲ್ಲಬೇಕು. ಹಡಗಿನ ಕಡೆ ಮುಖ ಮಾಡಿದರೆ ಕೆಂಪು ಕಾಣುತ್ತದೆ, ದಾರಿ ತೆರೆದಿದೆ, ಬಾ ಎಂದರ್ಥ. ಬೆನ್ನು ಮಾಡಿದರೆ ಕಪ್ಪು ಕಾಣುತ್ತದೆ, ಅಲ್ಲೇ ಲಂಗರು ಹಾಕು ಎಂದರ್ಥ. ಆ ಕಾಲದಲ್ಲಿ ಬಂಡೆಯ ಮೇಲೆ ನಿಲ್ಲುತ್ತಿದ್ದವಳ ಹೆಸರು ಮಂಕಾಳಿ. ಅವಳ ಗಂಡ ಜಟ್ಟಪ್ಪ ಹಡಗುಗಳ ಚುಕ್ಕಾಣಿ ಹಿಡಿಯುತ್ತಿದ್ದವನು. ಹೊರಗೆ ಕಾಯುವ ಹಡಗಿಗೆ ಚಿಕ್ಕ ದೋಣಿಯಲ್ಲಿ ಹೋಗಿ, ಹೆಂಡತಿಯ ಸನ್ನೆ ನೋಡಿ, ಒಳಗೆ ತರುತ್ತಿದ್ದ. “ನನ್ನ ಹೆಂಡತಿ ಮನೆಯಲ್ಲಿ ಬೆನ್ನು ತಿರುಗಿಸಿದರೆ ಊಟವಿಲ್ಲ, ಬಂಡೆಯಲ್ಲಿ ತಿರುಗಿಸಿದರೆ ದಾರಿಯಿಲ್ಲ” ಎಂದು ಅವನು ತಮಾಷೆ ಮಾಡುತ್ತಿದ್ದನಂತೆ. ಅವಳು ಮುಖ ತೋರಿಸಿದ ಮೇಲೆ ಅವನು ನೀರು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತ ಬರುತ್ತಿದ್ದ ಎನ್ನುತ್ತಾರೆ.

ಬಂದರಿನ ಪಾರುಪತ್ಯ ಆಗ ಮಲ್ಲರಸನ ಕೈಯಲ್ಲಿತ್ತು. ಮೇಲಿನವರ ಮುಂದೆ ಬೆಣ್ಣೆ, ಕೆಳಗಿನವರ ಮೇಲೆ ಬೆಂಕಿ ಎಂಬಂಥ ಮನುಷ್ಯ. ಒಂದು ವರ್ಷ ಮಳೆಗಾಲದ ಬಾಯಲ್ಲಿ ರಾಜನಿಗೆಂದು ಕುದುರೆಗಳನ್ನು ತುಂಬಿದ ಹಡಗು ಬಂತು. ಕುದುರೆಗಳನ್ನು ಹಬ್ಬಕ್ಕೆ ಮೊದಲು ಅರಮನೆಗೆ ಮುಟ್ಟಿಸಿದರೆ ಇಡೀ ಕರಾವಳಿಯ ಅಧಿಕಾರ ಸಿಗುತ್ತದೆ ಎಂಬ ಆಸೆ ಮಲ್ಲರಸನಿಗೆ. ಜಟ್ಟಪ್ಪ ಹಡಗು ಹತ್ತಿದ. ಅಷ್ಟರಲ್ಲಿ ಗಾಳಿ ಎದ್ದು ದಿಬ್ಬದ ಮೇಲೆ ಅಲೆ ಒಡೆಯತೊಡಗಿತು. ಮಂಕಾಳಿ ಬೆನ್ನು ತಿರುಗಿಸಿದಳು. ಹಡಗು ಹೊರಗೇ ನಿಂತಿತು. ಮಧ್ಯಾಹ್ನದವರೆಗೆ ಕಾದು ಬೇಸತ್ತ ಮಲ್ಲರಸ ಇಬ್ಬರು ಆಳುಗಳನ್ನು ಕರೆದುಕೊಂಡು ತಾನೇ ಬಂಡೆಗೆ ಬಂದ.

“ತಿರುಗಿ ನಿಲ್ಲು,” ಎಂದ.

“ಅಳಿವೆ ಮುಚ್ಚಿದೆ, ಒಡೆಯಾ. ನಾನು ಮುಖ ತೋರಿಸಿದರೆ ನನ್ನ ಗಂಡ ಬಂದುಬಿಡ್ತಾನೆ.”

“ಬರಲಿ ಎಂದೇ ಅಲ್ಲವೇನೇ ಹೇಳುತ್ತಿರುವುದು?”

“ನಿಮ್ಮ ಕುದುರೆ ನಾಳೆಯೂ ಕುದುರೆಯೇ. ನನ್ನ ಗಂಡ ನಾಳೆ ಏನಾಗಿರ್ತಾನೆ ಎಂದು ನೀವು ಬರೆದುಕೊಡ್ತೀರಾ?”

ಮಲ್ಲರಸ ಆಳುಗಳಿಗೆ ಕಣ್ಸನ್ನೆ ಮಾಡಿದ. ಅವರು ಅವಳ ಎರಡು ತೋಳು ಹಿಡಿದು, ಬಾವಿಯ ರಾಟೆ ತಿರುಗಿಸಿದಂತೆ ತಿರುಗಿಸಿ, ಕಡಲಿಗೆ ಮುಖ ಮಾಡಿ ನಿಲ್ಲಿಸಿದರು. ತಾವು ಕಾಣದಂತೆ ಅವಳ ಬೆನ್ನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಸೊಂಟ ಬಿಗಿಹಿಡಿದರು. ಅವಳು ಕೈ ಬೀಸಿದಳು, ಬೇಡ ಎಂದು ಕೂಗಿದಳು. ಗಾಳಿ ಅವಳ ಕೂಗನ್ನು ಯಾರಿಗೂ ಕೇಳದಂತೆ ಹೊತ್ತುಹೋಯಿತು. ಅಷ್ಟು ದೂರದಿಂದ ಜಟ್ಟಪ್ಪನಿಗೆ ಕಂಡದ್ದು ಕೆಂಪು ಬಟ್ಟೆ ಒಂದೇ. ಬೀಸುವ ಕೈಗಳನ್ನು ಅವನು ಅವಸರದ ಕರೆ ಎಂದುಕೊಂಡಿರಬೇಕು. ಲಂಗರು ಎತ್ತಿಸಿ, ಹಾಯಿ ಬಿಚ್ಚಿಸಿ, ನೀರು ನೋಡದೆ ಅವಳನ್ನೇ ನೋಡುತ್ತ ಬಂದ. ದಿಬ್ಬದ ಮೇಲೆ ಹಡಗು ಎರಡು ಹೋಳಾಯಿತು. ಕುದುರೆಗಳು ಈಜಿ ದಡ ಸೇರಿದವು ಎನ್ನುತ್ತಾರೆ. ಜಟ್ಟಪ್ಪ ಸೇರಲಿಲ್ಲ. ಮಲ್ಲರಸನಿಗೆ ಬೇಕಾದ ಕುದುರೆಗಳು ಸಿಕ್ಕವು, ಅಧಿಕಾರ ಮಾತ್ರ ತಡವಾಯಿತು.

ಆಳುಗಳು ಬಾಯಿ ಮುಚ್ಚಿಕೊಂಡರು. ಊರು ಬಾಯಿ ತೆರೆಯಿತು. ಹಡಗು ಒಡೆದಾಗ ಅವಳ ಕರಿಬೆನ್ನು ಊರಿಗೆ, ಕೆಂಪು ಕಡಲಿಗೆ ಇದ್ದುದನ್ನು ಎಲ್ಲರೂ ನೋಡಿದ್ದರು, ಕರಿ ಕಂಬಳಿಗೆ ಅಂಟಿ ಕುಕ್ಕರಿಸಿದ್ದವರನ್ನು ಗಾಳಿಮಳೆಯಲ್ಲಿ ಯಾರೂ ಗುರುತಿಸಿರಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು, “ಗಂಡನಿಗೆ ಮುಖ ತೋರಿಸಿ ಕೊಂದವಳು ಬಂದಳು, ಕೊಡ ಎತ್ತಿಕೊಳ್ಳಿರೇ” ಎನ್ನುತ್ತಿದ್ದರು. ಮಂಕಾಳಿ ಹೀಗಾಯಿತು, ಹಾಗಾಯಿತು ಎಂದು ಯಾರ ಮುಂದೆಯೂ ಅಳಲಿಲ್ಲ. “ಹೌದು ಮಾರಾಯ್ತಿ, ಇನ್ನೊಬ್ಬರಿಗೆ ತೋರಿಸುವುದು ಬಾಕಿ ಇದೆ” ಎಂದು ಹೇಳಿ ತನ್ನ ಕೊಡ ತುಂಬಿಸಿಕೊಂಡು ಹೋಗುತ್ತಿದ್ದಳು. ಅವಳನ್ನು ಬಂಡೆಯಿಂದ ಇಳಿಸಬೇಕು ಎಂದು ವ್ಯಾಪಾರಿಗಳು ಮಲ್ಲರಸನಲ್ಲಿಗೆ ಹೋದರು. ಅವನು ಒಪ್ಪಲಿಲ್ಲ. ದೊಡ್ಡ ಮನಸ್ಸಿನವನಂತೆ ಮುಖ ಮಾಡಿಕೊಂಡು, “ಪಾಪ, ಒಮ್ಮೆ ತಪ್ಪಿದಳು, ಇರಲಿ” ಎಂದನಂತೆ. ಅವಳು ಆ ದಿನವೂ ತಪ್ಪಿರಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಇಡೀ ಊರು ಅವಳ ಸನ್ನೆಯನ್ನು ಅನುಮಾನದಿಂದ ನೋಡುತ್ತಿದ್ದಾಗ ಅದನ್ನು ಪೂರ್ತಿಯಾಗಿ ನಂಬಿದ್ದವನು ಅವನೊಬ್ಬನೇ. ಅವನು ಸತ್ತದ್ದು ಆ ನಂಬಿಕೆಯಿಂದ.

ಮಂಕಾಳಿ ವರ್ಷಗಟ್ಟಲೆ ಕಾದಳು. ಬಿಸಿಲಿನಲ್ಲಿ ಮೀನು ಒಣಗಿಸಿದ ಹಾಗೆ ತನ್ನ ಸಿಟ್ಟನ್ನು ಒಣಗಿಸಿ ಇಟ್ಟುಕೊಂಡಳು ಎಂದು ನನ್ನ ಅತ್ತೆ ಹೇಳುತ್ತಾರೆ. ಹಸಿ ಸಿಟ್ಟು ನಾರುತ್ತದೆ, ಒಣಗಿಸಿದ್ದು ಕೆಡುವುದಿಲ್ಲ. ಅಷ್ಟೂ ವರ್ಷ ಅವಳ ಸನ್ನೆಯಿಂದ ಒಂದು ಹಲಗೆ ಮುರಿಯಲಿಲ್ಲ. ಕೊನೆಗೆ ಒಂದು ಶ್ರಾವಣದಲ್ಲಿ, ಪಾರುಪತ್ಯ ಸಾಲದೆ ಇಡೀ ಕರಾವಳಿಯ ಅಧಿಕಾರದ ನಿಲುವಂಗಿ ಪಡೆದು ಮಲ್ಲರಸ ಕಡಲಿನ ಮೇಲಿಂದ ಊರಿಗೆ ಬರುವ ಸುದ್ದಿ ಬಂತು. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಡುವ ಮೊದಲು ನಮ್ಮವರು ಯಾರೂ ಅಳಿವೆ ದಾಟುವುದಿಲ್ಲ. ನಿಲುವಂಗಿ ತೊಟ್ಟವನಿಗೆ ಹುಣ್ಣಿಮೆಯವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ದಕ್ಷಿಣದ ಯಾವುದೋ ಬಂದರಿನಿಂದ ಒಬ್ಬ ಚುಕ್ಕಾಣಿಯವನನ್ನು ಹಿಡಿದು ತಂದು ಹೊರಟೇಬಿಟ್ಟಿದ್ದ. ಊರಲ್ಲಿ ಮಾವಿನ ತೋರಣ ಕಟ್ಟಿದರು, ಡೋಲು ಕಾಯಿಸಿದರು. ದಿಬ್ಬದ ಮೇಲೆ ಅಲೆ ಒಡೆಯುತ್ತಿತ್ತು.

ಹಡಗು ಕಂಡಾಗ ಮಂಕಾಳಿ ಮೊದಲು ಬೆನ್ನು ತೋರಿಸಿದಳು. ಅದು ಅವಳ ಕೆಲಸ, ಅಷ್ಟು ವರ್ಷ ತಪ್ಪದೆ ಮಾಡಿದ ಕೆಲಸ. ಚುಕ್ಕಾಣಿಯವನು ಲಂಗರು ಹಾಕಿದ. ಅವಳು ಭುಜದ ಮೇಲಿಂದ ಓರೆಯಾಗಿ ನೋಡಿದಳು. ಹಾಯಿಕಂಬದ ತುದಿಯಲ್ಲಿ ಮಲ್ಲರಸನ ಸಿಂಹದ ಬಾವುಟ ಹಾರುತ್ತಿತ್ತು. ಆಗ ಅವಳು ತಿರುಗಿದಳು. ನಿಧಾನವಾಗಿ ತಿರುಗಿದಳು, ಯಾರಿಗೂ ಅವಸರವಿಲ್ಲದ ಹಾಗೆ. ಕಂಬಳಿಯನ್ನು ಹಿಂದಕ್ಕೆ ಸರಿಸಿ, ಎದೆಯ ಮೇಲಿನ ಕೆಂಪು ಬಟ್ಟೆಯ ಸುಕ್ಕು ತೀಡಿ, ಕಡಲಿಗೆ ಮುಖ ಮಾಡಿ ನಿಂತಳು. ನಕ್ಕಳು ಎಂದು ಕೆಲವರು ಹೇಳುತ್ತಾರೆ. ನಕ್ಕಿದ್ದರೆ ನನಗೇನೂ ಬೇಜಾರಿಲ್ಲ.

ಹಡಗಿನಲ್ಲಿ ನಡೆದದ್ದನ್ನು ಊರಿಗೆ ಹೇಳಿದವನು ಒಬ್ಬ ಅಡುಗೆಯವನು. ಅಕ್ಕಿಯ ಮರದ ಪೆಟ್ಟಿಗೆ ಹಿಡಿದುಕೊಂಡು ದಡಕ್ಕೆ ಬಂದು ಬಿದ್ದವನು ಅವನೊಬ್ಬನೇ. ಚುಕ್ಕಾಣಿಯವನು, “ಆಗ ಕಪ್ಪು ತೋರಿಸಿದಳು, ಈಗ ಕೆಂಪು. ನೀರು ಮಾತ್ರ ಹಾಗೇ ಇದೆ. ನನಗೆ ಸರಿ ಕಾಣುತ್ತಿಲ್ಲ ಸ್ವಾಮೀ, ಕಾಯೋಣ” ಎಂದನಂತೆ. ಮಲ್ಲರಸ ನಕ್ಕು, “ಚೆನ್ನಾಗಿ ನೋಡು, ಅವಳ ಅಕ್ಕಪಕ್ಕ ಯಾರಾದರೂ ಇದ್ದಾರೆಯೇ? ಯಾರಾದರೂ ಹಿಡಿದು ತಿರುಗಿಸದೆ ಆ ಮುಖ ಸುಳ್ಳು ಹೇಳುವುದಿಲ್ಲ. ಅದು ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ. ನಡೆಸು” ಎಂದನಂತೆ. ಚುಕ್ಕಾಣಿಯವನು ನಡೆಸಿದ. ಜಟ್ಟಪ್ಪನನ್ನು ನುಂಗಿದ ದಿಬ್ಬವೇ ಅವರನ್ನೂ ನುಂಗಿತು. ಅಧಿಕಾರದ ನಿಲುವಂಗಿ ನೀರು ಕುಡಿದು ಕಲ್ಲಿನಷ್ಟು ಭಾರವಾಗಿ ಮಲ್ಲರಸನನ್ನು ಕೆಳಗೆ ಎಳೆಯಿತು ಎನ್ನುತ್ತಾರೆ. ಅವನು ಮುಳುಗುವವರೆಗೂ ಮಂಕಾಳಿ ಮುಖ ತಿರುಗಿಸಲಿಲ್ಲ. ಕೆಂಪನ್ನು ಅವನಿಗೆ ಕಣ್ತುಂಬ ತೋರಿಸಿದಳು.

ಅಡುಗೆಯವನು ಧಕ್ಕೆಯ ಮೇಲೆ ನಡುಗುತ್ತ ಕೂತು ಈ ಮಾತುಗಳನ್ನು ಹೇಳಿದ. ಹಿಡಿದು ತಿರುಗಿಸುವುದು ಎಂದರೇನೆಂದು ಅವನಿಗೆ ಗೊತ್ತಿರಲಿಲ್ಲ. ಊರಿಗೆ ತಿಳಿಯಿತು. ಜನರ ಕಣ್ಣು ಒಂದೊಂದಾಗಿ ಮಲ್ಲರಸನ ಬಲಗೈಯಂತಿದ್ದ ಆ ಇಬ್ಬರು ಆಳುಗಳ ಕಡೆ ಹೊರಳಿತು. ಅವರು ತಲೆ ತಗ್ಗಿಸಿದರು. ಬಾವಿಕಟ್ಟೆಯ ಹೆಂಗಸರು ದೋಣಿ ಹತ್ತಿ ಬಂಡೆಗೆ ಹೋಗಿ, “ತಪ್ಪಾಯಿತು ತಾಯಿ, ಮನೆಗೆ ಬಾ” ಎಂದು ಕೈಮುಗಿದರು. ಅಷ್ಟರಲ್ಲಿ ಮಂಕಾಳಿ ಕಡಲಿಗೆ ಕರಿಬೆನ್ನು ಹಾಕಿ, ಊರಿಗೆ ಮುಖ ಮಾಡಿ ಕೂತಿದ್ದಳು. “ಕೊಂದವಳ ಮುಖ ಅಂದಿರಲ್ಲ, ಆಗ ಸುಳ್ಳು ಹೇಳಿದಿರಿ. ಈಗ ನಿಜವಾಗಿದೆ, ನೋಡಿಕೊಂಡಿರಿ” ಎಂದಳಂತೆ. ಮತ್ತೆ ಏಳಲಿಲ್ಲ, ತಿರುಗಲಿಲ್ಲ. ಕೂತಲ್ಲೇ ಕಲ್ಲಾದಳು ಎನ್ನುತ್ತಾರೆ. ಅಂದಿನಿಂದ ಹೊರಗಿನ ಹಡಗುಗಳಿಗೆ ಕಂಡದ್ದು ಕಪ್ಪು ಒಂದೇ. ಬಾ ಎಂಬ ಸನ್ನೆಯಿಲ್ಲದ ಬಂದರಿಗೆ ದೊಡ್ಡ ಹಡಗುಗಳು ಬರುವುದನ್ನು ಬಿಟ್ಟವು. ಮೆಣಸಿನ ಉಗ್ರಾಣದಲ್ಲಿ ಬಾವಲಿ ಸೇರಿದವು. ಆಚೆಯಿಂದ ನೋಡಿದವರು ಇಟ್ಟ ಹೆಸರೇ ಕರಿಬೆನ್ನಮ್ಮ.

ಬಂದವರು ಇವತ್ತಿಗೂ ಇದನ್ನೆಲ್ಲ ನೋಡಬಹುದು. ಹಳೆಯ ಧಕ್ಕೆಯ ಮನೆಗಳಿಗೆ ಪಡುವಣದ ಗೋಡೆಯಲ್ಲಿ ಕಿಟಕಿಯಿಲ್ಲ. ಸೆಕೆಯಲ್ಲಿ ಬೇಯುತ್ತಾರೆಯೇ ಹೊರತು ಅವಳ ಕೆಂಪು ಮುಖಕ್ಕೆ ಎದುರಾಗಿ ಕಿಟಕಿ ಇಡುವುದಿಲ್ಲ. ಮೀನಿನ ದೋಣಿಗಳು ಮರಳುವಾಗ ದಡದಲ್ಲಿ ಕಾಯುವ ಹೆಂಗಸರೆಲ್ಲ ಒಟ್ಟಿಗೆ ಕಡಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ದೋಣಿಯ ಹಗ್ಗ ಧಕ್ಕೆಯ ಮೇಲೆ ಬಿದ್ದ ಸದ್ದು ಕೇಳಿದ ಮೇಲೆಯೇ ತಿರುಗಿ ಗಂಡಂದಿರ ಮುಖ ನೋಡುವುದು. ಪ್ರವಾಸಿಗರು ಇದನ್ನು ಜಗಳ ಎಂದುಕೊಳ್ಳುತ್ತಾರೆ. “ಏನಮ್ಮ, ಮನೆಯಲ್ಲಿ ಮುನಿಸಾ?” ಎಂದು ನನ್ನನ್ನೂ ಕೇಳುತ್ತಾರೆ. ಇನ್ನು ಮಲ್ಲರಸನ ಬಾಗಿಲು. ಮೊದಲು ಅದರ ಫೋಟೊ ತೆಗೆದುಕೊಂಡವರು ಕಥೆ ಪೂರ್ತಿ ಕೇಳಿದ ಮೇಲೆ ಅದನ್ನು ಮೊಬೈಲಿನಿಂದ ಅಳಿಸುವುದನ್ನು ನಾನು ನೋಡಿದ್ದೇನೆ. ಅಂಥ ದಿನ ನನಗೆ ರಾತ್ರಿ ಊಟ ರುಚಿಸುತ್ತದೆ. ನಿಲುವಂಗಿ ಅವನನ್ನು ಕೆಳಗೆ ಎಳೆಯಿತು ಎಂದಾಗ ಯಾರಾದರೂ ಒಬ್ಬರು “ಹಾಗೇ ಆಗಬೇಕು” ಎನ್ನುತ್ತಾರೆ. ನಾನು ಆ ಮಾತಿಗಾಗಿಯೇ ಅಲ್ಲಿ ಒಂದು ಗಳಿಗೆ ನಿಲ್ಲಿಸುತ್ತೇನೆ.

ಇವತ್ತು ಆ ಟೋಪಿಯ ಯಜಮಾನರಿಂದ ಕಥೆ ಗಂಟಲಲ್ಲೇ ಉಳಿದಿತ್ತು. ಜನರನ್ನೆಲ್ಲ ಇಳಿಸಿ ನನ್ನ ಗಂಡ ದೋಣಿಗೆ ಎಣ್ಣೆ ತುಂಬಿಸಲು ಆಚೆ ದಡಕ್ಕೆ ಹೋದ. ನಾನು ಧಕ್ಕೆಯ ಮೇಲೆ ಕೂತು ಮಗಳು ಪ್ರಣಿತಾಳಿಗೆ ಚಕ್ಕುಲಿ ಕೊಟ್ಟು, ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಿಲುವಂಗಿಯ ಜಾಗದಲ್ಲಿ ಎಂದಿನಂತೆ ನಿಲ್ಲಿಸಿದೆ. ಅವಳು “ಹಾಗೇ ಆಗಬೇಕು” ಎನ್ನಲಿಲ್ಲ. ಚಕ್ಕುಲಿ ಅಗಿಯುವುದನ್ನು ಮಾತ್ರ ನಿಲ್ಲಿಸಿದಳು. ಕಥೆ ಮುಗಿಯುವ ಹೊತ್ತಿಗೆ ನಮ್ಮ ದೋಣಿಯ ಸದ್ದು ಕೇಳಿಸಿತು. ಇಬ್ಬರೂ ಎದ್ದು, ಪದ್ಧತಿಯಂತೆ ಕಡಲಿಗೆ ಬೆನ್ನು ಮಾಡಿ ನಿಂತೆವು. ಹಿಂದಿನಿಂದ ದೋಣಿ ಹತ್ತಿರವಾಗುತ್ತಿತ್ತು, ಹಗ್ಗ ಇನ್ನೂ ಬಿದ್ದಿರಲಿಲ್ಲ. ಅವಳು ನನ್ನ ಸೆರಗು ಎಳೆದಳು.

“ಅಮ್ಮಾ, ಕಾಯೋಣ ಅಂದನಲ್ಲ, ಆ ಚುಕ್ಕಾಣಿಯವನು. ಅವನೂ ಮುಳುಗಿದನಲ್ಲ. ಅವನ ಹೆಂಡತಿ ಯಾವ ಕಲ್ಲಿನ ಮೇಲೆ ನಿಂತಿದ್ದಳು?”