ಹುಣಸೆಹಣ್ಣಿನಿಂದ ಉಜ್ಜಿದ ಕಲ್ಲು

"ಗುರುಗಳೇ, ಅಣ್ಣನ ಹತ್ತಿರ ಒಂದು ಸಣ್ಣ ಸುಳ್ಳು ಹೇಳಿಬಿಟ್ಟಿದ್ದೇನೆ. ಅವನಿಗೆ ತಿಳಿಯುವ ಮೊದಲೇ ಅದನ್ನು ಸರಿಮಾಡಿಬಿಡುವ ದಾರಿ ಏನಾದರೂ ಇದೆಯೇ?" ಎಂದು ಶಿಷ್ಯನೊಬ್ಬ ಕೇಳಿದ. ಊಟ ಸೇರದೆ ಅವನ ಮುಖ ಬಾಡಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಹೇಳತೊಡಗಿದರು.

ಒಂದು ಮನೆಯಲ್ಲಿ ಇಬ್ಬರು ಸೊಸೆಯಂದಿರಿದ್ದರು. ಹಿರಿಯವಳು ಬಹುಕಾಲ ಆಸೆಪಟ್ಟು ಅಡುಗೆಕಟ್ಟೆಗೆ ಬಿಳಿಯ ಅಮೃತಶಿಲೆ ಹಾಕಿಸಿದಳು. ದಿನವೂ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮುಖ ಕಾಣುವಂತೆ ಇಟ್ಟುಕೊಂಡಿದ್ದಳು. ತವರಿಗೆ ಹೊರಟಾಗ ಕಿರಿಯವಳಿಗೆ, "ಕಲ್ಲು ಜೋಪಾನ, ತಂಗಿ" ಎಂದಷ್ಟೇ ಹೇಳಿ ಹೋದಳು.

ಆ ಒಂದು ಮಾತು ಕಿರಿಯವಳ ತಲೆಯ ಮೇಲೆ ಕೂತುಬಿಟ್ಟಿತು. ಈ ಮನೆಗೆ ಬಂದಂದಿನಿಂದ ಅವಳಿಗೆ ಅಕ್ಕನೇ ದಿಕ್ಕು. ಆ ಅಕ್ಕನ ಮನಸ್ಸಿನಿಂದ ಇಳಿದುಬಿಟ್ಟರೆ ಏನು ಗತಿ ಎಂದು ಹೆದರಿದಳು. ತರಕಾರಿಯನ್ನು ನೆಲದ ಮೇಲೆ ಕೂತು ಹೆಚ್ಚಿದಳು. ಬಿಸಿ ಪಾತ್ರೆಯನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಇಷ್ಟೆಲ್ಲ ಮಾಡಿದವಳ ಕೈಯಿಂದಲೇ, ಅಕ್ಕ ಬರುವ ಹಿಂದಿನ ದಿನ, ಅರಿಶಿನದ ಬಟ್ಟಲು ಮಗುಚಿತು. ಒದ್ದೆ ಕಲ್ಲಿನ ಮೇಲೆ ಅಂಗೈಯಗಲದ ಹಳದಿ ಕಲೆ ಕೂತಿತು.

ನೀರು ಹಾಕಿ ಒರೆಸಿದಳು, ಹೋಗಲಿಲ್ಲ. ಪಕ್ಕದ ಮನೆಯವರ ಕಣ್ಣಿಗೆ ಬೀಳಬಾರದೆಂದು ಕಿಟಕಿ ಮುಚ್ಚಿದಳು. ದೇವರ ಮನೆಯ ಹಿತ್ತಾಳೆ ದೀಪಗಳು ಹುಣಸೆಹಣ್ಣಿಗೆ ಫಳಫಳ ಹೊಳೆಯುವುದು ನೆನಪಾಯಿತು. ಹುಣಸೆಹಣ್ಣಿಗೆ ಉಪ್ಪು ಬೆರೆಸಿ, ತೋಳು ಸೋಲುವವರೆಗೂ ಉಜ್ಜಿದಳು. ಹಳದಿ ತೆಳುವಾಯಿತು, ಅದರ ಜೊತೆಗೆ ಹೊಳಪೂ ಹೋಯಿತು. ಹುಳಿ ಆ ಕಲ್ಲನ್ನು ತಿನ್ನುತ್ತದೆಂದು, ಪಾಪ, ಅವಳಿಗೆ ಯಾರು ಹೇಳಿದ್ದರು? ಮಂಕಾದ ಜಾಗ ಎದ್ದುಕಾಣುತ್ತದಲ್ಲ ಎಂದು ಅದರ ಸುತ್ತಲೂ ಉಜ್ಜಿದಳು. ಅಲ್ಲೂ ಮಂಕಾಯಿತು. ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ಸಾಕು, ಅಕ್ಕ ಬಂದಳೆಂದು ಬೆಚ್ಚಿಬೀಳುತ್ತಿದ್ದಳು; ಮತ್ತೆ ಉಜ್ಜುತ್ತಿದ್ದಳು. ಅಕ್ಕ ನಿಜವಾಗಿ ಬರುವ ಹೊತ್ತಿಗೆ ಅರ್ಧ ಕಟ್ಟೆ ಸುಣ್ಣ ಬಳಿದಂತೆ ಕಾಣುತ್ತಿತ್ತು.

"ಇದೇನಾಯಿತು?" ಎಂದು ಹಿರಿಯವಳು ಕೇಳಿದಳು.

"ಗೊತ್ತಿಲ್ಲ ಅಕ್ಕ. ಕಲ್ಲೇ ಸರಿಯಿಲ್ಲವೇನೋ."

"ಹಾಗಾದರೆ ಕಲ್ಲು ಹಾಕಿದವರನ್ನು ಕರೆಸಿ ಕೇಳೋಣ."

ಕೆಲಸ ಮಾಡಿಹೋದವರ ಮೇಲೆ ತಪ್ಪು ಹೊರಿಸುವಷ್ಟು ಗಟ್ಟಿ ಎದೆ ಕಿರಿಯವಳದಲ್ಲ. ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಹಿರಿಯವಳು ಹೋಗಿ ಕಿಟಕಿ ತೆರೆದಳು.

"ಅರಿಶಿನ ತಾನೆ? ಈ ಬಿಸಿಲು ಬಿದ್ದಿದ್ದರೆ ನಾಲ್ಕು ದಿನದಲ್ಲಿ ತಾನಾಗಿಯೇ ಹೋಗುತ್ತಿತ್ತು. ಒಂದು ಮಾತು ಹೇಳಲಾಗದಷ್ಟು ಹೆದರಿಕೆಯೇ ನಿನಗೆ, ನನ್ನನ್ನು ಕಂಡರೆ?" ಎಂದಳು. ಕಲ್ಲು ಕೆಟ್ಟದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ನೋವಾಗಿತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಕಲ್ಲಿಗೆ ಮತ್ತೆ ಹೊಳಪು ಬಂತೇ?" ಎಂದು ಕೇಳಿದ.

"ಕಲ್ಲಿನ ಮಾತು ಇರಲಿ, ಆ ಒಂದು ಸಣ್ಣ ಸುಳ್ಳನ್ನು ಮುಚ್ಚಲು ಇದುವರೆಗೆ ಇನ್ನೆಷ್ಟು ಹೇಳಿದ್ದೀಯೆ?" ಎಂದರು ಗುರುಗಳು.

ಶಿಷ್ಯ ಒಂದೊಂದೇ ಬೆರಳು ಮಡಿಸಿ ಎಣಿಸತೊಡಗಿದ.