ಎತ್ತದೆ ಉಳಿದ ಎಲೆ

"ಸಿರಿಗುಂದದ ಪ್ರಜೆಗಳೆಲ್ಲ ಕೇಳಿ! ದೊರೆ ಬಲ್ಲರಸರ ಅಪ್ಪಣೆ! ಕುಮಾರಿ ಪದ್ಮಲೆ ಕೇಳುವ ಮೂರು ಒಗಟುಗಳಿಗೆ ಉತ್ತರ ಹೇಳಿದವರಿಗೆ ರಾಜವಿದ್ಯಾಪೀಠದ ಆಡಳಿತ ಸಿಗುವುದು. ಮೇಲೆ ಬೇಡಿದ್ದೊಂದು ಸಿಗುವುದು. ಒಂದೇ ಒಂದು ಉತ್ತರ ತಪ್ಪಿದರೂ ಸೂರ್ಯ ಮುಳುಗುವುದರೊಳಗೆ ತಲೆ ಹೋಗುವುದು!"

ಡಂಗುರದವನು ಬೀದಿಯ ತಿರುವು ದಾಟಿದ ಮೇಲೂ ದೇವೀರಮ್ಮ ಜಗಲಿಯಿಂದ ಏಳಲಿಲ್ಲ. ಮಂಡಿ ನೋಯುತ್ತಿತ್ತು. ಏಳು ತಲೆಮಾರಿನಿಂದ ವಿದ್ಯಾಪೀಠದ ವಿದ್ಯಾರ್ಥಿನಿಲಯದ ಬೀಗದ ಕೈ ಅವರ ಮನೆತನದಲ್ಲಿತ್ತು. ಸಿಡುಬು ಬಂದ ವರ್ಷ ಗುರುಗಳೆಲ್ಲ ಊರು ಬಿಟ್ಟು ಓಡಿದಾಗ, ಅವರ ಮುತ್ತಜ್ಜಿ ಒಬ್ಬರೇ ನಿಂತು ಮುನ್ನೂರು ವಿದ್ಯಾರ್ಥಿಗಳಿಗೆ ಗಂಜಿ ಕಾಯಿಸಿ ಕುಡಿಸಿದ್ದರು. ಆ ಮನೆಯವರು ಒಂದು ಮಾತು ಹೇಳಿದರೆ ದೊರೆಗಳೂ ಎರಡನೆಯ ಸಾಕ್ಷಿ ಕೇಳುತ್ತಿರಲಿಲ್ಲ.

ಈಗ ಸೊಂಟದಲ್ಲಿ ಬೀಗದ ಕೈ ಇರಲಿಲ್ಲ. ಹದಿನೈದು ದಿನದ ಹಿಂದೆ ಪ್ರಧಾನ ಪಂಡಿತ ವಾಗೀಶರು ತುಂಬಿದ ಸಭೆಯಲ್ಲಿ ಅದನ್ನು ಕಿತ್ತುಕೊಂಡಿದ್ದರು. ಪದ್ಮಿ ಎಂಬ ವಿದ್ಯಾರ್ಥಿನಿ ಕಾಣುತ್ತಿಲ್ಲ, ಹುಡುಕಿಸಿ ಎಂದು ದೇವೀರಮ್ಮ ಪಂಡಿತರಿಗೆ ಮೂರು ಸಲ ಓಲೆ ಬರೆದದ್ದೇ ಅಪರಾಧವಾಗಿತ್ತು.

"ಹಾಜರಿ ಕರೆದಾಗ ದಿನವೂ 'ಇದ್ದೇನೆ' ಎನ್ನುತ್ತಾಳೆ. ಇರುವವಳನ್ನು ಇಲ್ಲ ಎನ್ನುತ್ತೀಯಾ? ನಿನ್ನದು ಸುಳ್ಳರ ಮನೆತನ!" ಎಂದಿದ್ದರು ವಾಗೀಶರು.

ಅವರು ಕಣ್ಣು ಮುಚ್ಚಿಕೊಂಡೇ ಹಾಜರಿ ಕರೆಯುತ್ತಿದ್ದರು. ಬಾರದವರ ಪರವಾಗಿ ಪಕ್ಕದವರು ಕೂಗುವ ಸಂಗತಿ ಪೀಠದಲ್ಲಿ ಎಲ್ಲರಿಗೂ ಗೊತ್ತಿತ್ತು, ಅವರೊಬ್ಬರನ್ನು ಬಿಟ್ಟು.

ದೇವೀರಮ್ಮ ಗೋಡೆ ಹಿಡಿದು ಎದ್ದು ಮಡಿಸಿಟ್ಟ ಸೀರೆ ತೆಗೆದರು.

"ಬೇಡಿ ಅತ್ತೆ, ತಲೆ ತೆಗೀತಾರಂತೆ," ಎಂದಳು ಸೊಸೆ.

"ಸುಳ್ಳರ ಮನೆಯವಳು ಅನ್ನಿಸಿಕೊಂಡ ತಲೆ. ಇಟ್ಟುಕೊಂಡು ಏನು ಮಾಡಲಿ? ಸಾರಿಗೆ ಉಪ್ಪು ಹಾಕಿಲ್ಲ, ನೋಡು."

ಅರಮನೆಗೆ ಪೀಠದ ಗುರುಗಳಿಬ್ಬರು ಮೊದಲೇ ಬಂದಿದ್ದರು. ಕುಮಾರಿ ತೆರೆಯ ಹಿಂದೆ ಕುಳಿತಿದ್ದಳು. ಯಾರಿಗೆ ಯಾವ ಒಗಟು ಮೊದಲು ಎಂಬುದು ಅವಳ ಇಷ್ಟ.

"ಸಾವಿರ ಬಾಯಿ ಸೇರಿ 'ಎಲ್ಲರೂ ಇದ್ದಾರೆ' ಎಂದಾಗ, ಬಾಯಿಲ್ಲದ ಒಂದು ವಸ್ತು ಮಾತ್ರ 'ಒಬ್ಬಳಿಲ್ಲ' ಎಂದಿತು. ಯಾವುದದು?" ಎಂದು ತೆರೆಯ ಹಿಂದಿನಿಂದ ದನಿ ಬಂತು.

ತರ್ಕದ ಕೇಶವಭಟ್ಟರು ಅರ್ಧ ಗಳಿಗೆ ವಾದ ಹೂಡಿ, "ಶೂನ್ಯ" ಎಂದರು. ಕಾವಲಿನವರು ಅವರನ್ನು ಕರೆದೊಯ್ದರು.

ಕವಿ ನಾಗದೇವರಿಗೆ ಬೇರೆ ಪ್ರಶ್ನೆ ಬಂತು. "ಒಬ್ಬರು ಮಾಡುತ್ತಾರೆ, ಸಾವಿರ ಜನ ಅದರಂತೆ ನಡೆಯುತ್ತಾರೆ. ಸರಿಯಿದ್ದ ದಿನ ಅದು ಇದೆಯೆಂಬುದೇ ಯಾರಿಗೂ ನೆನಪಿಲ್ಲ. ಕೆಟ್ಟ ದಿನ ಮಾಡಿದವರನ್ನು ಎಲ್ಲರೂ ಬೈಯುತ್ತಾರೆ."

"ಈ ಲೋಕ! ಮಾಡಿದವನು ದೇವರು!" ಎಂದರು ಕವಿಗಳು ಕೈ ಜೋಡಿಸಿ.

"ದೇವರನ್ನು ಸರಿಯಿದ್ದ ದಿನವೂ ನೆನೆಯುವವರಿದ್ದಾರೆ," ಎಂದಿತು ದನಿ. ಅವರನ್ನೂ ಕರೆದೊಯ್ದರು.

ದೇವೀರಮ್ಮ ಮುಂದೆ ಬಂದಾಗ ದೊರೆಯ ಪಕ್ಕದಲ್ಲಿದ್ದ ವಾಗೀಶರು ನಕ್ಕರು. "ಎಲೆ ಹಾಕುವವಳಿಗೂ ಒಗಟೇ?"

"ನಿಂತು ಕಾಲು ಸೋತಿದೆ ತಾಯಿ, ಬೇಗ ಕೇಳಿ," ಎಂದರು ದೇವೀರಮ್ಮ ತೆರೆಯ ಕಡೆ ತಿರುಗಿ. "ಮೊದಲ ಎರಡು ಕೇಳಿಸಿಕೊಂಡಿದ್ದೇನೆ. ಬಾಯಿಲ್ಲದ ವಸ್ತು ಊಟದ ಎಲೆ. ಹೆಸರು ಕೂಗಿದರೆ ಗೆಳತಿ ಓಗೊಡಬಹುದು, ಊಟ ಮಾಡಿಕೊಡಲಾರಳು. ವಿದ್ಯಾರ್ಥಿ ಪೀಠ ಬಿಡುವಾಗ ತಾನೇ ಬಂದು 'ನನ್ನ ಎಲೆ ಎತ್ತಿ' ಎನ್ನುವವರೆಗೆ ದಿನವೂ ಎಲೆ ಹಾಕುವುದು ನಮ್ಮ ಮನೆಯ ಪದ್ಧತಿ. ಪದ್ಮಿಯ ಎಲೆ ದಿನವೂ ಬರಿದಾಗಿ ಉಳಿಯಿತು, ನಾನು ದಿನವೂ ಎಣಿಸಿದೆ."

"ಎರಡನೆಯದು?"

"ವೇಳಾಪಟ್ಟಿ. ಯಾವ ಪಾಠ, ಯಾವ ಮಂಟಪ, ಯಾವ ಹೊತ್ತು ಎಂದು ಮೂವತ್ತು ವರ್ಷ ಬರೆದಿದ್ದೇನೆ. ಎರಡು ತರಗತಿ ಒಂದೇ ಮಂಟಪಕ್ಕೆ ಬಂದು ನಿಂತ ದಿನ ಮಾತ್ರ ನನ್ನ ಹೆಸರು ಎಲ್ಲರ ಬಾಯಲ್ಲಿ."

ತೆರೆಯ ಹಿಂದಿನ ದನಿ ಮುಂದುವರಿಯಿತು. "ಕಡೆಯದು. ಎಲ್ಲ ವಿದ್ಯಾರ್ಥಿಗಳಿಗೂ ಉತ್ತರ ಗೊತ್ತಿರುವ ಪ್ರಶ್ನೆಯೊಂದಿದೆ. ಯಾವ ಪರೀಕ್ಷೆಯಲ್ಲೂ ಅದನ್ನು ಕೇಳುವುದಿಲ್ಲ. ಉತ್ತರ ಸುಳ್ಳಾದರೆ ಕೇಳಿದವರಿಗೆ ಮುಖ ನೋಡಿಯೇ ತಿಳಿಯುತ್ತದೆ. ಯಾವ ಪ್ರಶ್ನೆ?"

ದೇವೀರಮ್ಮನವರಿಗೆ ಬಾವಿಕಟ್ಟೆಯ ಮೇಲೆ ಪುಸ್ತಕದಿಂದ ಮುಖ ಮುಚ್ಚಿಕೊಂಡು ಕೂತಿದ್ದ ಹುಡುಗಿ ನೆನಪಾದಳು. ಕೇಳಿದ್ದಕ್ಕೆ ಹೌದು ಎಂದಿದ್ದಳು. ತುಟಿ ಒಣಗಿತ್ತು. ಮತ್ತೆ ಕೇಳುವಷ್ಟರಲ್ಲಿ ಎದ್ದು ಹೋಗಿದ್ದಳು.

"ಊಟ ಆಯ್ತೇನಮ್ಮ?" ಎಂದರು ದೇವೀರಮ್ಮ.

ತೆರೆ ಸರಿಯಿತು. ಒಳಗೆ ಕುಳಿತಿದ್ದವಳು ಪದ್ಮಿ.

"ಆಗಿರಲಿಲ್ಲ, ಅಮ್ಮ," ಎಂದಳು ಕುಮಾರಿ. "ದೊರೆಯ ಮಗಳೆಂದು ಯಾರಿಗೂ ತಿಳಿಯದಂತೆ ಓದಲು ಬಂದಿದ್ದೆ. ಪಾಠ ಹತ್ತಲಿಲ್ಲ, ಹೇಳಿಕೊಳ್ಳಲು ಯಾರೂ ಇರಲಿಲ್ಲ. ನಿಮಗೂ ಹೇಳದೆ ಅರಮನೆಗೆ ಬಂದುಬಿಟ್ಟೆ. ಶಾಲು ತರಲು ಹೋದ ದಾಸಿ ಬಂದು ಹೇಳಿದಳು, ನನ್ನ ಜಾಗದಲ್ಲಿ ಇನ್ನೂ ಎಲೆ ಹಾಕಿದೆಯೆಂದು. ನನ್ನನ್ನು ಲೆಕ್ಕಕ್ಕಿಟ್ಟವರು ಯಾರೆಂದು ಸಭೆಗೆ ತಿಳಿಯಲೆಂದೇ ಈ ಒಗಟುಗಳನ್ನು ಕಟ್ಟಿದೆ."

ದೊರೆ ಒಂದು ಓಲೆಯನ್ನು ಎತ್ತಿ ಹಿಡಿದರು. "ಎರಡು ತಿಂಗಳು ನನ್ನ ಕಣ್ಣೆದುರಿಗೇ ಇದ್ದ ಮಗಳಿಗೆ, ಒಂದು ದಿನವೂ ತಪ್ಪದ ಹಾಜರಿಗೆಂದು ಪೀಠ ಪ್ರಶಂಸಾ ಪತ್ರ ಕೊಟ್ಟಿದೆ. ಶಾಲಿನ ಜೊತೆ ದಾಸಿ ತಂದಳು. ಕೆಳಗೆ ವಾಗೀಶರ ಮುದ್ರೆಯಿದೆ." ಅವರು ಓಲೆ ಕೆಳಗಿಟ್ಟರು. "ದೇವೀರಮ್ಮ, ಇಂದಿನಿಂದ ಪೀಠದ ಆಡಳಿತ ನಿಮ್ಮದು."

ಬೀಗದ ಕೈಗೊಂಚಲು ಬಂತು. ದೇವೀರಮ್ಮ ಒಂದೊಂದನ್ನೂ ಮುಟ್ಟಿ ನೋಡಿ, ಎಲ್ಲವೂ ಇದೆಯೆಂದು ಖಾತ್ರಿಯಾದ ಮೇಲೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಆ ಇಬ್ಬರನ್ನೂ ಬಿಟ್ಟುಬಿಡಿ ಮಹಾಸ್ವಾಮಿ. ನಾಳೆ ಬೆಳಗಿನ ಮೊದಲ ಪಾಠ ಭಟ್ಟರದು, ಎರಡನೆಯದು ಕವಿಗಳದು. ತಲೆ ತೆಗೆಸಿದರೆ ವೇಳಾಪಟ್ಟಿ ಮತ್ತೆ ನಾನೇ ಬರೆಯಬೇಕು."

"ನೀವು ಬೇಡುವುದು ಅದನ್ನೋ?"

"ಅಲ್ಲ. ಅದು ಆಡಳಿತ. ಬೇಡುವುದು ಬೇರೆ ಇದೆ."

ದೇವೀರಮ್ಮ ನೋಯುವ ಮಂಡಿಯ ಮೇಲೆ ನೆಟ್ಟಗೆ ನಿಂತು ವಾಗೀಶರ ಕಡೆ ತಿರುಗಿದರು.

"ಪಂಡಿತರೇ, ನನ್ನ ಮನೆತನವನ್ನು ಸುಳ್ಳರ ಮನೆತನ ಎಂದಿರಿ. ತುಂಬಿದ ಸಭೆಯಲ್ಲಿ ಎಂದಿರಿ. ಈ ಸಭೆಯೂ ತುಂಬಿದೆ. ಎದ್ದು ನಿಂತು ಕ್ಷಮೆ ಕೇಳಿ."